ಪರದೆಯ ಹಿಂದಿನ ಕೈ

ಪಾಠ ಮುಗಿದು ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷ ಉಳಿದಿದ್ದರೆ ಮೇಷ್ಟರಾದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಮುಂದಿನ ಪಾಠ ಶುರುಮಾಡುತ್ತಾರೆ, ಇಲ್ಲವೇ 'ಏನಾದರೂ ಪ್ರಶ್ನೆ ಇದ್ದರೆ ಕೇಳಿ' ಎನ್ನುತ್ತಾರೆ. ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ನಾನು ಮಾಡಿದ್ದು ಎರಡನೆಯ ತಪ್ಪು.

ನಡುವಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಜಪಾನಲ್ಲಿ ಅಂಗಡೀಲಿ ರೋಬಾಟು ಕೆಲಸ ಮಾಡ್ತಾವಂತೆ. ಅವನ್ನ ಬೇರೆ ದೇಶದಲ್ಲಿ ಕೂತ್ಕೊಂಡು ಯಾರೋ ಆಡಿಸ್ತಾರಂತೆ. ಮೊಬೈಲಲ್ಲಿ ನೋಡ್ದೆ. ನಿಜವಾ ಸಾರ್?"

"ನಿಜ ಕಣಪ್ಪ" ಎಂದೆ.

"ಹಂಗಾದ್ರೆ ನಮ್ಮಪ್ಪನ ಕೆಲಸ ಹೋಗ್ತದಾ?"

ಅವನ ತಂದೆ ಅರಸೀಕೆರೆಯ ಬಸ್ ನಿಲ್ದಾಣದ ಹತ್ತಿರದ ಒಂದು ಕಿರಾಣಿ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸಕ್ಕಿದ್ದಾರೆ. ನಾನು ವಿಜ್ಞಾನದ ಮೇಷ್ಟರು. ಇಂಥ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿರುತ್ತದೆ. ಜಟಕಾ ಗಾಡಿ ಹೋಗಿ ಆಟೋ ಬಂತು, ಬೆರಳಚ್ಚು ಯಂತ್ರ ಹೋಗಿ ಕಂಪ್ಯೂಟರ್ ಬಂತು, ಹಳೆಯ ಕೆಲಸ ಹೋದರೆ ಹೊಸ ಕೆಲಸ ಹುಟ್ಟುತ್ತದೆ, ಹೆದರಬೇಕಾಗಿಲ್ಲ ಎಂದು ಹೇಳಿದೆ. ಹುಡುಗ ಕೂರಲಿಲ್ಲ. "ಹೊಸ ಕೆಲಸ ನಮ್ಮಪ್ಪಂಗೇ ಸಿಗ್ತದಾ ಸಾರ್?" ಎಂದ. ಅಷ್ಟರಲ್ಲಿ ಗಂಟೆ ಹೊಡೆಯಿತು. ನನ್ನ ಸೇವಾವಧಿಯಲ್ಲಿ ಶಾಲೆಯ ಗಂಟೆ ನನ್ನನ್ನು ಎಷ್ಟೋ ಸಲ ಕಾಪಾಡಿದೆ. ಆದರೆ ಅವತ್ತು ಕಾಪಾಡಿದಂತೆ ಅನ್ನಿಸಲಿಲ್ಲ.

ಹುಡುಗ ನೋಡಿದ್ದು ಏನನ್ನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಜಪಾನಿನಲ್ಲಿ ಹಗಲೂ ರಾತ್ರಿ ತೆರೆದಿರುವ ಪುಟ್ಟ ಪುಟ್ಟ ಅಂಗಡಿಗಳಿವೆ. ಫ್ಯಾಮಿಲಿಮಾರ್ಟ್ ಎಂಬ ಒಂದೇ ಸಂಸ್ಥೆಗೆ ಆ ದೇಶದಲ್ಲಿ ಹದಿನಾರು ಸಾವಿರದಷ್ಟು ಅಂಗಡಿಗಳು. ಅಲ್ಲಿ ವಯಸ್ಸಾದವರು ಹೆಚ್ಚುತ್ತಿದ್ದಾರೆ, ಮಕ್ಕಳು ಕಡಿಮೆಯಾಗುತ್ತಿದ್ದಾರೆ; ಕೆಲಸಕ್ಕೆ ಜನ ಸಿಗುವುದೇ ಕಷ್ಟ. ಈ ಅಂಗಡಿಗಳಲ್ಲಿ ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ತಂಪು ಕಪಾಟುಗಳಿರುತ್ತವೆ. ಗಿರಾಕಿಗಳು ಮುಂದಿನಿಂದ ಬಾಟಲಿ ತೆಗೆದುಕೊಂಡ ಹಾಗೆಲ್ಲ ಯಾರಾದರೊಬ್ಬರು ಹಿಂದಿನ ಕಡೆ ಚಳಿಯಲ್ಲಿ ನಿಂತು ತುಂಬುತ್ತಿರಬೇಕು. ಟೋಕಿಯೋದ ಟೆಲೆಕ್ಸಿಸ್ಟೆನ್ಸ್ ಎಂಬ ಕಂಪನಿ 2020ರಲ್ಲಿ ಇಂಥ ಅಂಗಡಿಯಲ್ಲಿ ದೂರದಿಂದ ನಡೆಸುವ ರೋಬಾಟನ್ನು ನಿಲ್ಲಿಸಿ ಪ್ರಯೋಗ ಮಾಡಿತು. 2022ರ ಆಗಸ್ಟ್‌ನಲ್ಲಿ 300 ಫ್ಯಾಮಿಲಿಮಾರ್ಟ್ ಅಂಗಡಿಗಳ ತಂಪು ಕಪಾಟಿನ ಹಿಂದೆ ಒಂದೊಂದು ಯಂತ್ರದ ಕೈ ಇಡುವುದಾಗಿ ಪ್ರಕಟಿಸಿತು. ಅದು ದಿನಕ್ಕೆ ಸುಮಾರು ಸಾವಿರ ಬಾಟಲಿ ಜೋಡಿಸಬಲ್ಲದು. ಹಣ ಎಣಿಸುವುದು, ತಿಂಡಿ ಬಿಸಿಮಾಡಿ ಕೊಡುವುದು, 'ಬನ್ನಿ ಬನ್ನಿ' ಎನ್ನುವುದು ಮನುಷ್ಯರ ಪಾಲಿಗೆ ಉಳಿಯಿತು.

ಸ್ವಾರಸ್ಯ ಇರುವುದು ಇಲ್ಲಿಂದ ಮುಂದೆ. ಬಹುಪಾಲು ಸಲ ಆ ಯಂತ್ರ ತಾನೇ ನೋಡಿ, ತಾನೇ ಲೆಕ್ಕ ಹಾಕಿ ಬಾಟಲಿ ಇಡುತ್ತದೆ. ಯಾವುದೋ ಒಂದು ಬಾಟಲಿ ಜಾರಿತು, ಅಡ್ಡ ಬಿತ್ತು ಎನ್ನಿ. ಆಗ ಅದಕ್ಕೆ ದಿಕ್ಕು ತೋಚುವುದಿಲ್ಲ. ತಕ್ಷಣ ಮನುಷ್ಯನೊಬ್ಬ ಅದರ ಕೈಯೊಳಗೆ 'ಹೊಕ್ಕು' ಬಾಟಲಿ ಎತ್ತಿ ನಿಲ್ಲಿಸುತ್ತಾನೆ. ಆ ಮನುಷ್ಯ ಇರುವುದು ಅಂಗಡಿಯಲ್ಲಲ್ಲ, ಜಪಾನಿನಲ್ಲೂ ಅಲ್ಲ. ಸುಮಾರು ಮೂರು ಸಾವಿರ ಕಿಲೋಮೀಟರ್ ದೂರದ ಫಿಲಿಪ್ಪೀನ್ಸ್‌ನ ಮನಿಲಾ ನಗರದ ಒಂದು ಕಚೇರಿಯಲ್ಲಿ. 2025ರ ವರದಿಗಳ ಪ್ರಕಾರ ಅಲ್ಲಿ ಅರವತ್ತರಷ್ಟು ಯುವಕ ಯುವತಿಯರು ಪಾಳಿಯ ಮೇಲೆ ಕುಳಿತಿರುತ್ತಾರೆ. ಒಬ್ಬೊಬ್ಬರ ಉಸ್ತುವಾರಿಯಲ್ಲಿ ಸುಮಾರು ಐವತ್ತು ರೋಬಾಟುಗಳು. ನೂರಕ್ಕೆ ನಾಲ್ಕು ಸಲ ಮಾತ್ರ ಅವರು ಕೈಹಾಕಬೇಕಾಗುತ್ತದಂತೆ.

ಕೈಹಾಕುವಾಗ ಅವರು ಕಣ್ಣಿಗೆ ಕನ್ನಡಕದಂಥ ಒಂದು ಪೆಟ್ಟಿಗೆ ಕಟ್ಟಿಕೊಳ್ಳುತ್ತಾರೆ. ರೋಬಾಟಿನ ಕ್ಯಾಮರಾ ಕಂಡದ್ದೆಲ್ಲ ಇವರಿಗೂ ಕಾಣುತ್ತದೆ. ಹೆಚ್ಚು ಹೊತ್ತು ಹಾಗೇ ಇದ್ದರೆ ತಲೆ ಸುತ್ತಿ ವಾಕರಿಕೆ ಬರುತ್ತದೆ. ಶಿರಾಡಿ ಘಾಟಿಯಲ್ಲಿ ಬಸ್ಸಿನೊಳಗೆ ಪುಸ್ತಕ ಹಿಡಿದು ಕೂತವರಿಗೆ ಇದು ಗೊತ್ತು. ಅಲ್ಲಿ ಕಿವಿಯೊಳಗಿನ ಸಮತೋಲನದ ಅಂಗ 'ಚಲಿಸುತ್ತಿದ್ದೇವೆ' ಎನ್ನುತ್ತದೆ, ಪುಟದ ಮೇಲಿರುವ ಕಣ್ಣು 'ಇಲ್ಲ' ಎನ್ನುತ್ತದೆ. ಮನಿಲಾದಲ್ಲಿ ಇದೇ ಜಗಳ ತಿರುವುಮುರುವು. ಕಣ್ಣು ಚಲನೆ ಕಾಣುತ್ತದೆ, ಮೈ ಕುರ್ಚಿಯಲ್ಲೇ ಇರುತ್ತದೆ.

ಇದೆಲ್ಲ ಎಲ್ಲೋ ದೂರದ ದೇಶದ ಬೆರಗು ಎಂದು ನನ್ನ ವಿದ್ಯಾರ್ಥಿಗಳು ತಿಳಿದಿದ್ದರು. ಅವರಿಗೆ ನಾನು ಹೇಳಿದ್ದು ಇಷ್ಟು: ಕೆಲಸಗಾರ ಒಂದು ಕಡೆ, ಕೆಲಸ ಇನ್ನೊಂದು ಕಡೆ ಇರುವುದು ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಹೋಗುವಾಗ ಆಕಾಶಕ್ಕೆ ಮುಖಮಾಡಿದ ದೊಡ್ಡ ದೊಡ್ಡ ಬಿಳಿ ಬೋಗುಣಿಗಳು ಕಾಣುತ್ತವಲ್ಲ, ಅದು ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. 1982ರಲ್ಲಿ, ಇನ್ಸಾಟ್ ಉಪಗ್ರಹಗಳ ಕಾಲ ಶುರುವಾದಾಗ, ಅದೂ ಶುರುವಾಯಿತು. ನಾನಾಗ ಮಿಡ್ಲ್‌ಸ್ಕೂಲು ಹುಡುಗ. 'ಹಾಸನದಲ್ಲಿ ಕೂತು ಆಕಾಶದಲ್ಲಿರೋದನ್ನ ತಿರುಗಿಸ್ತಾರಂತೆ' ಎಂದು ಹಳೇಬೀಡಿನ ಚಹಾದಂಗಡಿಯಲ್ಲಿ ದೊಡ್ಡವರು ಮಾತನಾಡಿಕೊಳ್ಳುವುದನ್ನು ಕೇಳಿ ರಾತ್ರಿ ಬಹಳ ಹೊತ್ತು ಅಂಗಳದಲ್ಲಿ ನಿಂತು ನೋಡಿದ್ದೆ. ಏನೂ ಕಾಣಲಿಲ್ಲ ಎನ್ನುವುದು ಬೇರೆ ಮಾತು.

ಆ ಉಪಗ್ರಹಗಳು ಇರುವುದು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಸೂರ್ಯ ಚಂದ್ರರ ಸೆಳೆತದಿಂದ ಅವು ತಮ್ಮ ಜಾಗ ಬಿಟ್ಟು ಕದಲುತ್ತಿರುತ್ತವೆ. ಹಾಸನದಿಂದ ಆಜ್ಞೆ ಹೋದಾಗ ಅವುಗಳ ಪುಟ್ಟ ಎಂಜಿನುಗಳು ಉರಿದು ಮತ್ತೆ ಜಾಗಕ್ಕೆ ಬರುತ್ತವೆ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ರೇಡಿಯೋ ಅಲೆಗೆ ಮೇಲೇರಲು 0.12 ಸೆಕೆಂಡು, ಉತ್ತರ ಕೆಳಗಿಳಿಯಲು ಇನ್ನೊಂದು 0.12 ಸೆಕೆಂಡು. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಆದರೂ ಮನಿಲಾದಿಂದ ಟೋಕಿಯೋಗೆ ಬೇಕಾಗುವುದು ಸೆಕೆಂಡಿನ ನೂರರಲ್ಲಿ ಒಂದೂವರೆ ಪಾಲು. ಕೇಬಲ್ಲಿನ ಸುತ್ತುದಾರಿ, ಕಂಪ್ಯೂಟರುಗಳ ಲೆಕ್ಕಾಚಾರ ಸೇರಿದರೆ ಇನ್ನಷ್ಟು. ಅಷ್ಟು ತಡವನ್ನು ಕೈ ಗಮನಿಸುವುದೇ ಕಡಿಮೆ. ಅದೇ 1970ರಲ್ಲಿ ರಷ್ಯನ್ನರು ಚಂದ್ರನ ಮೇಲೆ ಲೂನೋಖೋದ್ ಗಾಡಿಯನ್ನು ಭೂಮಿಯಿಂದಲೇ ಓಡಿಸಿದಾಗ ಹೋಗಿಬರುವ ಸಂಕೇತಕ್ಕೆ ಎರಡೂವರೆ ಸೆಕೆಂಡಿಗಿಂತ ಹೆಚ್ಚು ಬೇಕಿತ್ತು. ಹಳ್ಳ ಕಂಡು 'ನಿಲ್ಲು' ಎನ್ನುವಷ್ಟರಲ್ಲಿ ಗಾಡಿ ಹಳ್ಳದೊಳಗಿರುವ ಭಯ! ಬಾಟಲಿ ಎತ್ತುವ ಕೆಲಸ ದೇಶ ದಾಟಲು ಸಾಧ್ಯವಾದದ್ದು ಭೂಮಿ ಚಿಕ್ಕದಾಗಿರುವುದರಿಂದ.

ಆಕಾಶದ ಮಾತು ಬೇಡವೆಂದರೆ ತೋಟಕ್ಕೆ ಬನ್ನಿ. ಹಾರನಹಳ್ಳಿ ಕಡೆ ತೆಂಗಿನ ತೋಟವಿರುವ ನನ್ನ ಭಾವಮೈದ ಮನೆಯ ಜಗಲಿಯಲ್ಲಿ ಕೂತು ಕೊಳವೆಬಾವಿಯ ಮೋಟಾರು ಹಾಕುತ್ತಾನೆ. ಸ್ಟಾರ್ಟರ್ ಡಬ್ಬಿಯೊಳಗೊಂದು ಸಿಮ್ ಕಾರ್ಡು; ಅದಕ್ಕೆ ಕರೆ ಮಾಡಿದರೆ ಮೋಟಾರು ಶುರು. "ಬೆಳಗಿಂದ ಮೋಟಾರಿಗೆ ಫೋನ್ ಮಾಡ್ತಾ ಇದ್ದೀನಿ ಭಾವ, ಎತ್ತುತ್ತಾನೇ ಇಲ್ಲ" ಎಂದು ಅವನು ಬೇಸರ ಮಾಡಿಕೊಂಡಾಗ ನಾವೆಲ್ಲ ನಕ್ಕಿದ್ದೇವೆ. ಅಪರಾತ್ರಿ ಮೂರು ಫೇಸ್ ಕರೆಂಟು ಬಂದಾಗ ಹಾವು, ಚಿರತೆಗಳ ಭಯದಲ್ಲಿ ತೋಟಕ್ಕೆ ಓಡುವ ಕಷ್ಟ ತಪ್ಪಿತು. ಒಳ್ಳೆಯದೇ ಆಯಿತು. ಆದರೆ ಮೊದಲು ರಾತ್ರಿ ಹೊತ್ತು ಮೋಟಾರು ಹಾಕಲೆಂದೇ ಅವರು ಒಬ್ಬ ಆಳನ್ನು ಇಟ್ಟುಕೊಂಡಿದ್ದರು. ಅವನೀಗ ಬೆಂಗಳೂರಿನಲ್ಲಿ ಯಾವುದೋ ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಾನೆ. ಹುಡುಗನ ಪ್ರಶ್ನೆ ನನಗೆ ಮತ್ತೆ ನೆನಪಾದದ್ದು ಆ ಆಳಿನ ಸುದ್ದಿ ಕೇಳಿದಾಗ.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಆ ಕಿರಾಣಿ ಅಂಗಡಿಗೇ ಹೋದೆ. ಮಾಲೀಕರು ಪರಿಚಯದವರು, ಬೆಂಚು ಹಾಕಿಸಿ ಕಾಫಿ ತರಿಸಿದರು. ಒಂದು ಗಂಟೆ ಕಾಲ ಹುಡುಗನ ತಂದೆ ಮಾಡಿದ ಕೆಲಸಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಪ್ರಯೋಗಾಲಯದ ಅಭ್ಯಾಸ, ಬಿಡುವುದಿಲ್ಲ. ಇಪ್ಪತ್ತೈದು ಕಿಲೋ ಅಕ್ಕಿ ಚೀಲ ಒಳಗಿನಿಂದ ಹೊತ್ತು ತಂದದ್ದು ಏಳು ಸಲ. ಅಟ್ಟದ ಮೇಲಿನಿಂದ ಸೋಪಿನ ಪೆಟ್ಟಿಗೆ ಇಳಿಸಿದ್ದು ಎರಡು ಸಲ. ತೂಕ ಮಾಡಿ ಪೊಟ್ಟಣ ಕಟ್ಟಿದ್ದಕ್ಕೆ ಲೆಕ್ಕವಿಲ್ಲ. ಚೀಟಿಯಲ್ಲಿ ಬರೆದದ್ದು ಅರ್ಥವಾಗದೆ, 'ಇದು ಮೆಂತ್ಯವೋ ಮೆಣಸೋ' ಎಂದು ಮನೆಗೆ ಫೋನ್ ಮಾಡಿಸಿ ಖಚಿತಪಡಿಸಿಕೊಂಡದ್ದು ಒಮ್ಮೆ. ಒಬ್ಬ ಅಜ್ಜಿ ಬಂದು "ಹೋದ ಸಲ ಕೊಟ್ಟಿದ್ದೆಯಲ್ಲಪ್ಪ, ಅದೇ ಬೇಳೆ ಕೊಡು" ಎಂದರು. ಯಾವ ಬೇಳೆ ಎಂದು ಅವರು ಹೇಳಲಿಲ್ಲ, ಇವರು ಕೇಳಲೂ ಇಲ್ಲ. ಕೊಟ್ಟರು. ಅಜ್ಜಿ ನೋಡಿ ತಲೆಯಾಡಿಸಿ ಹೋದರು.

ರಾತ್ರಿ ಮನೆಯಲ್ಲಿ ಆ ಪಟ್ಟಿಯನ್ನು ಮೂರು ಭಾಗ ಮಾಡಿದೆ: ಯಂತ್ರ ತಾನೇ ಮಾಡಬಲ್ಲದ್ದು, ದೂರದಲ್ಲಿ ಕೂತವನೊಬ್ಬ ಯಂತ್ರದ ಕೈಯಿಂದ ಮಾಡಿಸಬಲ್ಲದ್ದು, ಎದುರಿಗಿದ್ದ ಮನುಷ್ಯನೇ ಮಾಡಬೇಕಾದ್ದು. ಭಾರ ಹೊರುವುದು ಮೊದಲ ಭಾಗಕ್ಕೆ ಹೋಯಿತು. ಪೊಟ್ಟಣ ಕಟ್ಟುವುದು ಎಲ್ಲಿಗೆ ಎಂದು ಬಹಳ ಯೋಚಿಸಬೇಕಾಯಿತು. ನಮಗೆ ಕಷ್ಟವಾದದ್ದು ಯಂತ್ರಕ್ಕೆ ಸುಲಭ, ನಮಗೆ ಸುಲಭವಾದದ್ದು ಯಂತ್ರಕ್ಕೆ ಕಷ್ಟ ಎಂಬರ್ಥದ ಮಾತನ್ನು 1988ರಲ್ಲಿ ಹಾನ್ಸ್ ಮೊರಾವೆಕ್ ಎಂಬ ರೋಬಾಟ್ ತಜ್ಞ ಬರೆದಿದ್ದರು. 1997ರಲ್ಲಿ ಕಂಪ್ಯೂಟರು ಚದುರಂಗದಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿತು. ಆದರೆ ಇಷ್ಟು ವರ್ಷಗಳ ಮೇಲೂ ಜಾರಿದ ಒಂದು ಬಾಟಲಿ ಎತ್ತಲು ಮನಿಲಾದ ಕೈ ಬೇಕು. ನಮ್ಮ ಕಡೆ ಉಂಡೆ ಕೊಬ್ಬರಿ ಸುಲಿಯುವವರನ್ನು ನೋಡಿದ್ದೀರಲ್ಲ? ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಗಿಟುಕು ಲೊಡಲೊಡ ಎನ್ನುವುದನ್ನು ಕೇಳಿ, ಚಿಪ್ಪು ಮಾತ್ರ ಒಡೆಯುವ ಹಾಗೆ ಪೆಟ್ಟು ಹಾಕುತ್ತಾರೆ. ಆ ಪೆಟ್ಟಿನ ಹದವನ್ನು ಸೂತ್ರವಾಗಿ ಬರೆದುಕೊಡಿ ಎಂದರೆ ನನ್ನ ಬಿಎಸ್‌ಸಿ ಸಾಲುವುದಿಲ್ಲ.

ಮರುವಾರ ಪಟ್ಟಿಯನ್ನು ಹುಡುಗನ ತಂದೆಗೆ ತೋರಿಸಿ ಸಮಾಧಾನ ಹೇಳಲು ಹೋದೆ. "ನೋಡಿ, ಮೂಟೆ ಹೊರುವ ಕೆಲಸವಷ್ಟೇ ಯಂತ್ರಕ್ಕೆ ಹೋಗುತ್ತದೆ. ಗಿರಾಕಿಯ ಹತ್ತಿರ ಮಾತನಾಡುವ ಕೆಲಸ ನಿಮ್ಮದೇ" ಎಂದೆ.

ಅವರು ನಕ್ಕರು. "ಮೂಟೆ ಹೋದರೆ ಹೋಗ್ಲಿ ಮೇಷ್ಟ್ರೇ, ನನ್ನ ಸೊಂಟನಾದ್ರೂ ಉಳೀತದೆ. ಆದ್ರೆ ಸಂಬಳ ಕೊಡೋದು ಮೂಟೆಗೂ ಸೇರಿಸಿ. ಬರೀ ಮಾತಿಗೆ ಯಾರು ಕೊಡ್ತಾರೆ?"

ನನ್ನ ಮೂರು ಭಾಗದ ಪಟ್ಟಿಯಲ್ಲಿ ಸಂಬಳಕ್ಕೆ ಜಾಗವೇ ಇರಲಿಲ್ಲ. ಅಂಗಡಿಗೆ ರೋಬಾಟು ಬಂದರೆ ಕೆಲಸ 'ಹೋಗುತ್ತದೆ' ಎನ್ನುವುದು ಪೂರ್ತಿ ಸರಿಯಲ್ಲ. ಕೆಲಸ ಒಡೆದು ಚೂರಾಗುತ್ತದೆ. ಒಂದು ಚೂರು ಯಂತ್ರಕ್ಕೆ, ಒಂದು ಚೂರು ದೂರದ ಯಾರಿಗೋ, ಒಂದು ಚೂರು ಇಲ್ಲಿಯವರಿಗೆ. ಮನಿಲಾದ ಆ ಹುಡುಗ ಹುಡುಗಿಯರಿಗೆ ತಿಂಗಳಿಗೆ 250ರಿಂದ 315 ಡಾಲರ್ ಸಂಬಳ ಎಂದು ವರದಿಗಳು ಹೇಳುತ್ತವೆ. ಅವರ ದೇಶದಲ್ಲಿ ಅದು ತೀರ ಕಡಿಮೆಯ ಸಂಬಳವಲ್ಲದಿರಬಹುದು. ಟೋಕಿಯೋದಲ್ಲಿ ಅಷ್ಟಕ್ಕೆ ಯಾರೂ ಬರುವುದಿಲ್ಲ. ಇನ್ನೂ ಒಂದು ಮಾತಿದೆ. ಅವರು ಬಾಟಲಿ ಎತ್ತಿದ ಪ್ರತಿಯೊಂದು ಚಲನೆಯೂ ದಾಖಲಾಗುತ್ತದೆ, ಅದನ್ನೇ ಪಾಠವಾಗಿಟ್ಟುಕೊಂಡು ಯಂತ್ರ ಕಲಿಯುತ್ತದೆ. ನೂರಕ್ಕೆ ನಾಲ್ಕು ಇದ್ದದ್ದು ಮುಂದೆ ಎರಡಾಗಬಹುದು, ಒಂದಾಗಬಹುದು. ಶಿಷ್ಯ ಮುಂದೆ ಬಂದರೆ ಸಂತೋಷಪಡುವುದು ನಮ್ಮ ವೃತ್ತಿಧರ್ಮ. ಆದರೆ ಶಿಷ್ಯ ಕಲಿತ ದಿನ ಮೇಷ್ಟರ ಕುರ್ಚಿ ತೆಗೆಯುವುದಾಗಿದ್ದರೆ ನಾವು ಎಷ್ಟು ಜನ ಮನಸ್ಸಿಟ್ಟು ಪಾಠ ಮಾಡುತ್ತಿದ್ದೆವು?

ಇಷ್ಟು ಹೊತ್ತಿಗೆ ನಮ್ಮ ಶಾಲೆಯಲ್ಲಿ ಮೆಟ್ರಿಕ್ ಮೇಳದ ದಿನ ಹತ್ತಿರ ಬಂದಿತ್ತು. ಮಕ್ಕಳೇ ಅಂಗಡಿ ಇಟ್ಟು, ತೂಗಿ ಅಳೆದು, ವ್ಯಾಪಾರ ಮಾಡುವ ಸಂತೆ ಇದು. ಪ್ರಶ್ನೆ ಕೇಳಿದ ಹುಡುಗ ಮತ್ತು ಅವನ ಗೆಳೆಯರು ರೋಬಾಟಿನ ಅಂಗಡಿ ಇಡುತ್ತೇವೆ ಎಂದು ಹಟ ಹಿಡಿದರು. ನಮ್ಮ ಬಳಿ ಮೋಟಾರು, ಕ್ಯಾಮರಾ ಕೊಳ್ಳಲು ದುಡ್ಡಿಲ್ಲ. ಮೆಡಿಕಲ್ ಶಾಪಿನಿಂದ ಹೊಸ ಸಿರಿಂಜುಗಳು, ಡ್ರಿಪ್ ನಳಿಕೆ ತಂದರು. ರಟ್ಟು, ಐಸ್‌ಕ್ರೀಂ ಕಡ್ಡಿ, ಸೈಕಲ್ ಕಡ್ಡಿ ಸೇರಿಸಿ ಒಂದು ಕೈ ಕಟ್ಟಿದರು. ಇಲ್ಲಿ ಒಂದು ಸಿರಿಂಜು ಒತ್ತಿದರೆ ನಳಿಕೆಯ ನೀರು ಅಲ್ಲಿಯ ಸಿರಿಂಜನ್ನು ತಳ್ಳುತ್ತದೆ, ಕೈ ಏಳುತ್ತದೆ. ಪಾಸ್ಕಲ್‌ನ ನಿಯಮ; ಜೆಸಿಬಿ ಕೆಲಸ ಮಾಡುವುದೂ ಹೀಗೆಯೇ. ಮೊದಲ ದಿನ ಕೈ ಮೆತ್ತಗೆ ತೂಕಡಿಸುತ್ತಿತ್ತು. ನಳಿಕೆಯೊಳಗೆ ಗಾಳಿಗುಳ್ಳೆ ಸೇರಿಕೊಂಡಿದೆ, ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ ಎಂಬುದನ್ನು ಅವರೇ ಕಂಡುಹಿಡಿದರು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುವ ಪ್ರಶ್ನೆಯನ್ನು ಅವರು ಇನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಕೈಯನ್ನು ಮೇಜಿನ ಮೇಲೆ ನಿಲ್ಲಿಸಿ, ಹಿಂದೆ ಹಗ್ಗಕ್ಕೆ ಒಂದು ಹಳೆಯ ಬೆಡ್‌ಶೀಟ್ ಇಳಿಬಿಟ್ಟು, ಅದರಾಚೆ ಸಿರಿಂಜು ಒತ್ತುವವರು ಕೂರುವುದೆಂದು ತೀರ್ಮಾನವಾಯಿತು. ಯಾರು ಕೂರಬೇಕು? ಎಲ್ಲರಿಗೂ ಮುಂದೆ ನಿಂತು ಕೂಗುವ ಆಸೆ. ಆ ತರಗತಿಯಲ್ಲಿ ಹುಟ್ಟಿನಿಂದ ಕಾಲಿನಲ್ಲಿ ಬಲವಿಲ್ಲದ, ಗಾಲಿಕುರ್ಚಿಯಲ್ಲಿ ಬರುವ ಹುಡುಗಿಯೊಬ್ಬಳಿದ್ದಾಳೆ. ಪ್ರತಿವರ್ಷ ಮೇಳದಲ್ಲಿ ಅವಳಿಗೆ ಯಾರಾದರೂ ಒಂದು ಕಡ್ಲೆಮಿಠಾಯಿ ಕೊಟ್ಟು ಮರದ ನೆರಳಿನಲ್ಲಿ ಕೂರಿಸುತ್ತಿದ್ದೆವು. "ನಾನು ಕೂತ್ಕೋತೀನಿ ಸಾರ್" ಎಂದಳು.

ನಿಂಬೆಹಣ್ಣು, ನೆಲ್ಲಿಕಾಯಿ ಮಾರುವ ಅಂಗಡಿ. ಬೆಡ್‌ಶೀಟಿನಲ್ಲಿ ಒಂದು ಸಣ್ಣ ತೂತು, ಅವಳು ನೋಡಲಿಕ್ಕೆ. ಒಂದು ಗಂಟೆಯೊಳಗೆ ಅವಳ ಕೈ ಪಳಗಿತು. ನಿಂಬೆಹಣ್ಣು ಹಿಡಿದಾಗ ಸಿರಿಂಜಿನ ಮೇಲೆ ಹೆಬ್ಬೆರಳಿಗೆ ಎದುರು ಒತ್ತಡ ಬರುತ್ತದೆ. ಅಷ್ಟರಲ್ಲೇ ಹಣ್ಣು ಗಟ್ಟಿಯೋ ಕೊಳೆತದ್ದೋ ಎಂದು ಅವಳಿಗೆ ತಿಳಿಯುತ್ತಿತ್ತು. 1940ರ ದಶಕದ ಕೊನೆಯಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗರ್ಟ್ಸ್ ಎಂಬವರು ವಿಕಿರಣದ ಅಪಾಯವಿರುವ ವಸ್ತುಗಳನ್ನು ಗೋಡೆಯ ಈಚೆಯಿಂದ ಹಿಡಿಯಲು ಯಂತ್ರದ ಕೈ ಮಾಡಿದರು. ನಮ್ಮ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲೂ ಅಂಥವನ್ನು ತಯಾರಿಸಿದ್ದಾರೆ. ಹಿಡಿದ ವಸ್ತುವಿನ ಬಿಗಿ ಹಿಡಿದವನ ಕೈಗೆ ಗೊತ್ತಾಗಬೇಕು ಎಂಬುದು ಅಲ್ಲಿಯ ಮುಖ್ಯ ಪಾಠ. ನಮ್ಮ ಹುಡುಗಿ ಅದನ್ನು ಯಾರೂ ಹೇಳಿಕೊಡದೆ ಕಲಿತಿದ್ದಳು.

ಸಂತೆಗೆ ಸಂತೆಯೇ ಆ ಅಂಗಡಿಯ ಮುಂದೆ ನೆರೆಯಿತು. ಪೋಷಕರು ಮೊಬೈಲ್ ಹಿಡಿದು ಚಿತ್ರ ತೆಗೆದರು. "ಎಂಥಾ ಮಿಷಿನ್ನು!" ಎಂದರು. ನಾನು ಹೆಮ್ಮೆಯಿಂದ ಪಾಸ್ಕಲ್‌ನ ನಿಯಮವನ್ನು ಹದಿನೈದು ಸಲ ವಿವರಿಸಿದೆ. ಮಧ್ಯಾಹ್ನ ಎರಡು ಗಂಟೆಗೆ ಜನ ಕರಗಿದ ಮೇಲೆ ಬೆಡ್‌ಶೀಟ್ ಸರಿಸಿ ನೋಡಿದರೆ ಹುಡುಗಿ ಒಬ್ಬಳೇ ಕೂತಿದ್ದಾಳೆ. ಅವಳ ಹೆಬ್ಬೆರಳು ಕೆಂಪಾಗಿತ್ತು. ಬಿಸಿಯೂಟಕ್ಕೆ ಅವಳನ್ನು ಯಾರೂ ಕರೆದಿರಲಿಲ್ಲ. ನಾನೂ ಕರೆದಿರಲಿಲ್ಲ.

"ಸಾಕಾಯ್ತೇನಮ್ಮ?" ಎಂದೆ, ಬೇರೇನೂ ತೋಚದೆ.

"ಚೆನ್ನಾಗಿತ್ತು ಸಾರ್. ಎಂಬತ್ತು ರೂಪಾಯಿ ವ್ಯಾಪಾರ ಆಯ್ತು" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: "ಎಲ್ಲಾರೂ ಕೈ ಚೆನ್ನಾಗಿದೆ ಅಂದ್ರು. ಯಾರದ್ದು ಅಂತ ಒಬ್ರೂ ಕೇಳ್ಲಿಲ್ಲ."

ಮನೆಗೆ ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. 1770ರಲ್ಲಿ ವಿಯೆನ್ನಾದಲ್ಲಿ ಕೆಂಪೆಲೆನ್ ಎಂಬಾತ ಚದುರಂಗವಾಡುವ ಯಂತ್ರದ ಬೊಂಬೆಯೊಂದನ್ನು ಮಾಡಿ ರಾಣಿಯ ಎದುರು ಆಡಿಸಿದ್ದ. ಯುರೋಪೆಲ್ಲ ಬೆರಗಾಯಿತು. ಪೆಟ್ಟಿಗೆಯೊಳಗೆ ಮಡಚಿಕೊಂಡು ಕೂತು ನಿಜವಾಗಿ ಆಡುತ್ತಿದ್ದವನು ಒಬ್ಬ ಮನುಷ್ಯ! ಇದು ಹಳೆಯ ಮೋಸ ಎಂದು ನಕ್ಕುಬಿಡಬಹುದು. ಆದರೆ ಈಗಲೂ ಯಂತ್ರ ಎಂದ ಕೂಡಲೇ ನಮ್ಮ ಕಣ್ಣು ಹಿಂದಿರುವ ಮನುಷ್ಯನನ್ನು ಕಾಣುವುದಿಲ್ಲ. ಅಮೆರಿಕದಲ್ಲಿ ಅಮೆಜಾನ್ ಕಂಪನಿ ತನ್ನ ಕೆಲವು ಅಂಗಡಿಗಳಲ್ಲಿ ಬಿಲ್ಲು ಹಾಕುವವರೇ ಇಲ್ಲದ ವ್ಯವಸ್ಥೆ ತಂದಿತ್ತು. ಬೇಕಾದ್ದು ಎತ್ತಿಕೊಂಡು ನಡೆಯಿರಿ, ಕ್ಯಾಮರಾ ಲೆಕ್ಕ ಹಾಕುತ್ತದೆ. ಅದರ ಹಿಂದೆ ಭಾರತದಲ್ಲಿ ಕುಳಿತ ಸಾವಿರದಷ್ಟು ಜನರ ದುಡಿಮೆಯೂ ಇದೆ ಎಂಬ ಸುದ್ದಿ 2024ರಲ್ಲಿ ದೊಡ್ಡದಾಯಿತು. ಅವರ ಮುಖ್ಯ ಕೆಲಸ ದೃಶ್ಯಗಳನ್ನು ಪರಿಶೀಲಿಸಿ ಯಂತ್ರವನ್ನು ತಿದ್ದುವುದೇ ಹೊರತು ಗಿರಾಕಿಗಳನ್ನು ಕಾಯುವುದಲ್ಲ ಎಂದು ಕಂಪನಿ ಸ್ಪಷ್ಟನೆ ಕೊಟ್ಟಿತು. ಏನೇ ಇರಲಿ, ಬೆಡ್‌ಶೀಟಿನ ಹಿಂದೆ ಜನರಂತೂ ಇದ್ದರು. ಅವರು ನಮ್ಮವರೇ ಆಗಿದ್ದರು.

ಬೆಡ್‌ಶೀಟ್ ಇಲ್ಲದೆಯೂ ಇಂಥ ಕೆಲಸ ನಡೆಯಬಹುದು ಎಂಬುದಕ್ಕೆ ಉದಾಹರಣೆ ಅದೇ ಟೋಕಿಯೋದಲ್ಲಿದೆ. ಅಲ್ಲಿಯ ನಿಹೊನ್‌ಬಾಶಿ ಎಂಬಲ್ಲಿ 2021ರ ಜೂನ್‌ನಲ್ಲಿ ಡಾನ್ ಎಂಬ ಕಾಫಿ ಹೋಟೆಲು ಶುರುವಾಯಿತು. ಮೇಜಿನ ಮೇಲೊಂದು ಗೇಣುದ್ದದ ಬಿಳಿ ಬೊಂಬೆ, ಕಾಫಿ ತಂದುಕೊಡಲು 120 ಸೆಂಟಿಮೀಟರ್ ಎತ್ತರದ ಇನ್ನೊಂದು. ಅವುಗಳ ಹೆಸರು ಒರಿಹಿಮೆ. ಅವನ್ನು ನಡೆಸುವವರು ಮನೆಯಲ್ಲೋ ಆಸ್ಪತ್ರೆಯಲ್ಲೋ ಮಲಗಿದಲ್ಲೇ ಇರುವವರು, ಹೊರಗೆ ಹೋಗಲಾರದವರು. ಕೈ ಆಡದಿದ್ದವರು ಕಣ್ಣಿನ ನೋಟದಿಂದಲೇ ಅವನ್ನು ನಡೆಸುತ್ತಾರೆ. ಗಿರಾಕಿ ಬಂದು ಕೂತರೆ ಬೊಂಬೆಯ ಮೂಲಕ 'ನಾನು ಇಂಥವನು, ಇಂಥ ಊರಿನಿಂದ ಮಾತನಾಡುತ್ತಿದ್ದೇನೆ' ಎಂದು ಹೆಸರು ಹೇಳಿ ಮಾತಿಗೆ ಶುರುಮಾಡುತ್ತಾರೆ. ಇದನ್ನು ಕಟ್ಟಿದ ಕೆಂತಾರೊ ಯೋಶಿಫುಜಿ ಬಾಲ್ಯದಲ್ಲಿ ಕಾಯಿಲೆಯಿಂದಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಶಾಲೆಗೆ ಹೋಗದೆ ಮನೆಯಲ್ಲೇ ಉಳಿದವರು. ಒಂಟಿತನ ಎಂದರೇನೆಂದು ಅವರಿಗೆ ಗೊತ್ತಿತ್ತು.

ಬಾಟಲಿ ಜೋಡಿಸುವುದು, ಕಾಫಿ ಕೊಡುವುದು, ಎರಡಕ್ಕೂ ಬೇಕಾದ ವಿಜ್ಞಾನ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಮನುಷ್ಯ ಯಾರಿಗೂ ಕಾಣುವುದಿಲ್ಲ. ಇನ್ನೊಂದು ಕಡೆ ಮನುಷ್ಯನನ್ನು ಕಾಣಿಸುವುದಕ್ಕೇ ಯಂತ್ರವಿದೆ. ಈ ವ್ಯತ್ಯಾಸ ಯಾವ ಸೂತ್ರದಿಂದಲೂ ಬರುವುದಿಲ್ಲ, ಅಂಗಡಿ ಇಟ್ಟವರ ಮನಸ್ಸಿನಿಂದ ಬರುತ್ತದೆ. ಮೊದಲ ದಿನದ ನಮ್ಮ ಅಂಗಡಿ ಇಟ್ಟವನು ನಾನೇ.

ಮೇಳದ ಎರಡನೆಯ ದಿನ ಬೆಳಿಗ್ಗೆ ಬೆಡ್‌ಶೀಟ್ ಬಿಚ್ಚಿದೆವು. ಒಂದು ರಟ್ಟಿನ ಮೇಲೆ 'ಈ ಅಂಗಡಿ ನಡೆಸುವವರು' ಎಂದು ಬರೆದು ಹುಡುಗಿಯ ಹೆಸರು, ಕೈ ಕಟ್ಟಿದವರ ಹೆಸರು, ಎಲ್ಲ ತೂಗುಹಾಕಿದೆವು. ಗಂಟೆಗೊಮ್ಮೆ ಬೇರೆಯವರು ಸಿರಿಂಜು ಹಿಡಿಯಬೇಕೆಂದು ಪಾಳಿ ಮಾಡಿದೆವು. ಅವಳು ಮಾತ್ರ ತನ್ನ ಪಾಳಿ ಬಿಟ್ಟುಕೊಡಲು ಜಗಳವಾಡಿದಳು. ಯಂತ್ರದ ಬೆರಗು ಸ್ವಲ್ಪ ಕಡಿಮೆಯಾಯಿತೆಂದೇ ಹೇಳಬೇಕು. ಆದರೆ ಜನ ಅವಳ ಹತ್ತಿರ ಮಾತನಾಡಿದರು. ಚೌಕಾಸಿ ಮಾಡಿದರು. ಅವಳೂ ಬಿಡಲಿಲ್ಲ. ಮಧ್ಯಾಹ್ನ ಕಿರಾಣಿ ಅಂಗಡಿಯ ತಂದೆ ಬಂದು ಹತ್ತು ರೂಪಾಯಿಯ ನಿಂಬೆಹಣ್ಣು ಕೇಳಿದರು. ಅವಳು ಎತ್ತಿಕೊಟ್ಟ ಒಂದು ಹಣ್ಣನ್ನು ತಿರುಗಿಸಿ ನೋಡಿ, "ಇದು ಒಳಗೆ ಒಣಗಿದೆ ಕಣಮ್ಮ, ಗಿರಾಕಿಗೆ ಇದನ್ನ ಕೊಡಬಾರದು. ಸಿಪ್ಪೆ ತೆಳ್ಳಗಿರೋದು ಆರಿಸು" ಎಂದು ಹೇಳಿಕೊಟ್ಟರು. ಸಿರಿಂಜಿಗೆ ಗೊತ್ತಾಗದಿದ್ದ ವಿದ್ಯೆ ಅದು.

ಮೇಳದ ಮುಂದಿನ ತಿಂಗಳು ಮಕ್ಕಳನ್ನು ಬೇಲೂರಿಗೆ ಪ್ರವಾಸ ಕರೆದೊಯ್ದಿದ್ದೆವು. ಹಳೇಬೀಡಿನವನಾದ ನಾನು ಆ ಗುಡಿಗಳನ್ನು ನೋಡಿಯೇ ಬೆಳೆದವನು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಅಲ್ಲಿಗೆ ಹೋಗದಿದ್ದರೆ ಮಕ್ಕಳೇ ಬಿಡುವುದಿಲ್ಲ. ಚೆನ್ನಕೇಶವ ಗುಡಿಯ ಒಳಗಿನ ನುಣುಪಾದ ದುಂಡು ಕಂಬಗಳನ್ನು ತೋರಿಸಿ, ಇವನ್ನು ತಿರುಗಣಿಗೆ ಹಾಕಿ ತಿರುಗಿಸುತ್ತ ಕಡೆದದ್ದು, ಒಂಬೈನೂರು ವರ್ಷದ ಹಿಂದೆಯೇ ಉಳಿಯ ಜತೆಗೆ ಯಂತ್ರವೂ ದುಡಿದಿತ್ತು ಎಂದು ಹೇಳಿದೆ. ಆಮೇಲೆ ಮದನಿಕೆಯರ ಬಳಿ ಬಂದೆವು. ಕೆಲವು ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹುಡುಗಿಯ ಗಾಲಿಕುರ್ಚಿ ತಳ್ಳುತ್ತಿದ್ದ ನಮ್ಮ ಪ್ರಶ್ನೆಯ ಹುಡುಗ ಕೇಳಿದ: "ಕಂಬ ತಿರುಗಿಸಿದವರ ಹೆಸರು ಎಲ್ಲಿದೆ ಸಾರ್?" ನಾನು ಎಲ್ಲೂ ಕಂಡಿಲ್ಲ. ಇಷ್ಟು ವರ್ಷ ಆ ಕಂಬಗಳನ್ನು ನೋಡಿದ್ದೇನೆ, ಹೀಗೊಂದು ಪ್ರಶ್ನೆ ಇದೆಯೆಂದು ಹೊಳೆದಿರಲಿಲ್ಲ.

ಪೋಷಕರ ಸಭೆಯಲ್ಲಿ ಈಗ ಎಲ್ಲರೂ ಕೇಳುವುದು ಒಂದೇ: "ಯಾವ ಓದು ಓದಿಸಿದರೆ ಮಗು ಯಂತ್ರಕ್ಕೆ ಸೋಲುವುದಿಲ್ಲ ಸಾರ್?" ಅಂಥ ಕೋರ್ಸಿನ ಹೆಸರು ನನ್ನ ಬಳಿ ಇಲ್ಲ. ಕೈಗೆ ಕೆಲಸ ಕಲಿಸಿ ಎನ್ನುತ್ತೇನೆ. ಸಿರಿಂಜಿನ ಗಾಳಿಗುಳ್ಳೆ ತೆಗೆದವರಿಗೆ ರೋಬಾಟು ಅಪರಿಚಿತವಾಗಿ ಉಳಿಯುವುದಿಲ್ಲ. ಎದುರಿಗಿದ್ದವರ ಮಾತು ಕೇಳುವುದನ್ನು ಕಲಿಸಿ. ಅಜ್ಜಿಯ 'ಅದೇ ಬೇಳೆ' ಯಾವುದೆಂದು ತಿಳಿಯಲು ಅದೇ ದಾರಿ. ಮೂರನೆಯದಾಗಿ, ಲೆಕ್ಕ ಕೇಳುವುದನ್ನು ಕಲಿಸಿ. ಅಂಗಡಿಗೋ ಆಸ್ಪತ್ರೆಗೋ ಹೊಸ ಯಂತ್ರ ಬಂದಾಗ 'ಎಷ್ಟು ಚೆನ್ನಾಗಿದೆ' ಎಂದು ಸುಮ್ಮನಾಗದೆ, ಇದರ ಹಿಂದಿನ ಕೈ ಯಾರದು, ಎಲ್ಲಿದೆ, ಅದಕ್ಕೆ ಕೊಡುವುದೆಷ್ಟು, ಉಳಿದ ಹಣ ಎಲ್ಲಿ ಹೋಯಿತು ಎಂದು ಕೇಳುವ ಮಕ್ಕಳು ಬೇಕು. ಸಂಬಳದ ಪ್ರಶ್ನೆಗೆ ವಿಜ್ಞಾನದ ಪುಸ್ತಕದಲ್ಲಿ ಉತ್ತರವಿಲ್ಲ ನಿಜ, ಆದರೆ ಪ್ರಶ್ನೆಯನ್ನು ಪುಸ್ತಕದ ಹೊರಗಿಟ್ಟದ್ದು ನಾವೇ.

'ಹೊಸ ಕೆಲಸ ನಮ್ಮಪ್ಪಂಗೇ ಸಿಗ್ತದಾ' ಎಂಬುದಕ್ಕೆ ನಾನು ಕೊನೆಗೂ ಆ ಹುಡುಗನಿಗೆ ಉತ್ತರ ಹೇಳಿದೆ. "ತಾನಾಗಿ ಸಿಗೋದಿಲ್ಲ ಕಣಪ್ಪ. ಕೇಳಿದರೆ, ಎಲ್ಲರೂ ಸೇರಿ ಕೇಳಿದರೆ, ಸಿಗಬಹುದು" ಎಂದೆ. ಅವನು ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಹುಡುಗಿ ಮಾತ್ರ ಆಗಾಗ ಸ್ಟಾಫ್ ರೂಮಿನ ಬಾಗಿಲಿಗೆ ಬರುತ್ತಾಳೆ. ಮೊನ್ನೆ ಬಂದು, "ಸಾರ್, ಆ ಟೋಕಿಯೋ ಹೋಟೆಲ್ಲಿನ ಕೆಲಸಕ್ಕೆ ಜಪಾನಿ ಭಾಷೆ ಬರಬೇಕಾ?" ಎಂದು ಕೇಳಿದಳು. ಬರಬೇಕಾಗುತ್ತದೆ ಎಂದೆ. ಸ್ವಲ್ಪ ಯೋಚಿಸಿ, "ಅಂಥಾದ್ದು ಹಾಸನದಲ್ಲೇ ಒಂದು ಇಟ್ರೆ ಕನ್ನಡ ಸಾಕಲ್ವಾ ಸಾರ್?" ಎಂದಳು.

ಸಾಕು. ಇಡುವವರು ಬೇಕು.